ಮಗಳ ಎಡಗೈಗೆ ಕೆತ್ತಿದ ರಿವಾಲ್ವರ್

ಬಂದ ಮರುದಿನ ಬೆಳಿಗ್ಗೆ ನಾನು ಮಗಳ ಮನೆಯ ಕಿಟಕಿಗಳಿಗೆಲ್ಲ ಕೈಯಾಡಿಸಿ ಸರಳುಗಳನ್ನು ಹುಡುಕಿದೆ. ಇರಲಿಲ್ಲ. ಒಂದಕ್ಕೂ ಇರಲಿಲ್ಲ. ಮುಂದಿನ ಕೋಣೆಯ ಕಿಟಕಿ ಗೋಡೆಯಷ್ಟೇ ಅಗಲ, ಮೊಣಕಾಲೆತ್ತರದಿಂದಲೇ ಶುರುವಾಗುತ್ತದೆ, ಅದರಾಚೆ ನೇರವಾಗಿ ಬೀದಿ. ಪರದೆಯೂ ಇಲ್ಲ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನನ್ನನ್ನೂ ನನ್ನ ಬನಿಯನ್ನನ್ನೂ ಕೈಯಲ್ಲಿದ್ದ ಕಾಫಿ ಲೋಟವನ್ನೂ ನೋಡಿ, ತಲೆಯಾಡಿಸಿ, ನಕ್ಕು ಹೋದಳು. ಮೂವತ್ತಕ್ಕೂ ಹೆಚ್ಚು ವರ್ಷ ಕಬ್ಬಿಣದ ಬಾಗಿಲ ಹಿಂದೆ ಕೆಲಸ ಮಾಡಿದವನನ್ನು ಮಿಠಾಯಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ತಂದಿಟ್ಟ ಹಾಗಾಯಿತು.

"ನಳಿನಿ, ಇಲ್ಲಿ ಕಳ್ರು ಬರಲ್ವೇನಮ್ಮ?"

"ಬರ್ತಾರೆ. ಸೈಕಲ್ ಕದೀತಾರೆ."

"ಮನೆ ಒಳಕ್ಕೆ?"

"ಅಪ್ಪಾ, ಇದೇನ್ ನಿಮ್ ಆರ್ಮರಿನಾ? ಕಾಫಿ ಕುಡೀರಿ, ಆರೋಗುತ್ತೆ."

ನಾನು ಮೈಸೂರಿನಲ್ಲಿ ಪೊಲೀಸ್ ಇಲಾಖೆಯ ಆರ್ಮರರ್ ಆಗಿದ್ದವನು. ಬಂದೂಕು, ರಿವಾಲ್ವರುಗಳನ್ನು ಬಿಚ್ಚಿ ಒರೆಸಿ, ಎಣ್ಣೆ ಕೊಟ್ಟು, ಕೆಟ್ಟದ್ದನ್ನು ಸರಿಮಾಡಿ, ಸಂಜೆ ಎಣಿಸಿ ಬೀಗ ಹಾಕುವುದು ನನ್ನ ಕೆಲಸ. ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ. ನಿವೃತ್ತಿಯಾದ ಮೇಲೆ ಹೆಂಡತಿ ತೀರಿಕೊಂಡಳು. ಉಳಿದವಳು ಒಬ್ಬಳೇ ಮಗಳು. ಮದುವೆ ಬೇಡ ಅಂದಿದ್ದಳು, ನಾವಿಬ್ಬರೂ ಹೇಳಿ ಹೇಳಿ ಸೋತಿದ್ದೆವು. ಅವಳು ನೆದರ್ಲೆಂಡ್ಸಿನ ನೈಮೆಗನ್ ಎಂಬ ಊರಿನಲ್ಲಿ, ಕಂಪ್ಯೂಟರ್ ಚಿಪ್‌ಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದಳು. ಅರವತ್ತೈದು ದಾಟಿದ ಒಂಟಿ ತಂದೆಯೋ ತಾಯಿಯೋ, ಮಕ್ಕಳೆಲ್ಲ ಇಲ್ಲೇ ಇದ್ದರೆ, ಇಲ್ಲಿ ನೆಲೆಸಲು ಅರ್ಜಿ ಹಾಕಬಹುದೆಂದು ತಿಳಿದುಕೊಂಡು ನನ್ನನ್ನು ಕರೆಸಿಕೊಂಡಳು. ತೊಂಬತ್ತೇಳರ ಮಾತು ಇದು.

ಆ ಅರ್ಜಿ ಹೋಗುವುದು ಪೊಲೀಸರ ಕೈಗೇ. ಫ್ರೇಮ್ಡೆಲಿಂಗನ್‌ಪೊಲಿಟ್ಸಿ ಅಂತ, ಪರದೇಶದವರ ವಿಚಾರ ನೋಡಿಕೊಳ್ಳುವ ಪೊಲೀಸ್ ವಿಭಾಗ. ನಮ್ಮ ಕಡೆ ಠಾಣೆಯ ಮೆಟ್ಟಿಲು ಹತ್ತುವವರ ಮುಖವನ್ನು ನಾನು ಒಳಗಿನಿಂದ ನೋಡಿದ್ದವನು. ಇಲ್ಲಿ ಮೊದಲ ಬಾರಿ ಹೊರಗಿನವನಾಗಿ ಚೀಟಿ ಹಿಡಿದು ಸರದಿಯಲ್ಲಿ ಕೂತೆ. ನನ್ನ ಹೆಸರು ಕರೆದಾಗ ಅಭ್ಯಾಸಬಲದಿಂದ ಎದ್ದು ಅಟೆನ್ಷನ್ನಿನಲ್ಲಿ ನಿಂತುಬಿಟ್ಟೆ. ಕಿಟಕಿಯಾಚೆಯ ಹುಡುಗ ಗಾಬರಿಯಾಗಿ ತಾನೂ ಅರ್ಧ ಎದ್ದ. ನಳಿನಿ ಮನೆ ಮುಟ್ಟುವವರೆಗೂ ನಗುತ್ತಿದ್ದಳು.

ಅವಳ ನಗು ಇದ್ದಷ್ಟು ಹೊತ್ತು ಮನೆ ಮನೆಯಾಗಿರುತ್ತಿತ್ತು. ಅವಳು ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋದ ಮೇಲೆ ನಾನು ಮತ್ತು ಆ ಕಿಟಕಿ. ಇಲ್ಲಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ, ನಮ್ಮ ಪೊಲೀಸ್ ಕ್ವಾರ್ಟರ್ಸ್ ಹಾಗೆಯೇ. ಆದರೆ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಒಗ್ಗರಣೆ ನಮ್ಮ ಮೂಗಿಗೆ ಬರುತ್ತಿತ್ತು, ಅವರ ಜಗಳ ನಮ್ಮ ಕಿವಿಗೆ. ಇಲ್ಲಿ ಗೋಡೆಯಾಚೆ ಜನ ಇದ್ದಾರೋ ಇಲ್ಲವೋ ತಿಳಿಯದು. ಎದುರು ಸಿಕ್ಕರೆ "ದಾಹ್" ಅನ್ನುತ್ತಾರೆ. ಬಂದಾಗಲೂ ದಾಹ್, ಹೋಗುವಾಗಲೂ ದಾಹ್. ಅದರಾಚೆಗೆ ಮಾತಿಲ್ಲ. ಚಳಿಗಾಲ ಬೇರೆ, ಸಂಜೆ ನಾಲ್ಕೂವರೆಗೇ ಕತ್ತಲು. ಸೂರ್ಯ ಬಂದನೋ ಇಲ್ಲವೋ ಎಂದು ಕೇಳಲೂ ಒಬ್ಬರಿಲ್ಲ.

ಸಣ್ಣ ಗೆಲುವುಗಳು ಇರಲಿಲ್ಲವೆಂದಲ್ಲ. ಕಾರ್ನೆಮೆಲ್ಕ್ ಎಂಬ ಪೊಟ್ಟಣದಲ್ಲಿರುವುದು ನಮ್ಮ ಮಜ್ಜಿಗೆಯೇ ಎಂದು ನಾನೇ ಕಂಡುಹಿಡಿದೆ. ಒಬ್ಬನೇ ಅಂಗಡಿಗೆ ಹೋಗಿ ಅದನ್ನು ತಂದು, ಶುಂಠಿ, ಉಪ್ಪು, ಇಂಗಿನ ಒಗ್ಗರಣೆ ಹಾಕಿ ನಳಿನಿಗೆ ಕೊಟ್ಟ ದಿನ ಅವಳು ಒಂದೇ ಗುಟುಕಿಗೆ ಕುಡಿದು ಲೋಟ ಮುಂದೆ ಹಿಡಿದಳು. ಇನ್ನೊಂದು ದಿನ ಅವಳು ಒಂದು ಕತ್ತರಿ ತೋರಿಸಿದಳು. ಎಡಗೈಯವರ ಕತ್ತರಿ. ಅಂಗಡಿಯಲ್ಲಿ ಎಲ್ಲ ಕತ್ತರಿಗಳ ಪಕ್ಕದಲ್ಲೇ ತೂಗುಹಾಕಿದ್ದರಂತೆ. ನಳಿನಿ ಹುಟ್ಟಾ ಎಡಚಿ. ಊಟಕ್ಕೆ ಬಲಗೈ, ಮಿಕ್ಕೆಲ್ಲಕ್ಕೂ ಎಡಗೈ. ಚಿಕ್ಕವಳಿದ್ದಾಗ ದಸರಾ ವಸ್ತುಪ್ರದರ್ಶನದಲ್ಲಿ ಬಲೂನಿಗೆ ಗುರಿಯಿಡುವ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅವಳು ಏರ್‌ಗನ್ನನ್ನು ಎಡಭುಜಕ್ಕೆ ಆನಿಸಿಕೊಂಡಳು. ಅಂಗಡಿಯವನು, "ಏನ್ ಸಾರ್, ಪೊಲೀಸ್ನೋರ್ ಮಗಳು ಉಲ್ಟಾ ಹಿಡ್ದವ್ಳೆ!" ಅಂತ ನಕ್ಕ. ಅವಳು ಸಾಲಾಗಿ ಬಲೂನು ಒಡೆದಳು. ಅವನ ನಗು ನಿಂತಿತು. ಈಗ ಆ ಕತ್ತರಿಯಿಂದ ಹಾಲಿನ ಪೊಟ್ಟಣ ಕತ್ತರಿಸುತ್ತ, "ನೋಡಿ ಅಪ್ಪಾ, ನನಗೋಸ್ಕರ ಒಂದ್ ದೇಶ ಮಾಡಿಟ್ಟಿದಾರೆ," ಅಂದಳು. ನನಗೆ ಖುಷಿಯಾಯಿತು. ಅವಳಿಗಾಗಿ ಮಾಡಿಟ್ಟ ದೇಶದಲ್ಲಿ ನನಗೇನು ಕೆಲಸ ಅಂತಲೂ ಅನ್ನಿಸಿತು.

ಈಗ ತಪ್ಪಿನ ಕಡೆಗೆ ಬರುತ್ತೇನೆ.

ಒಂದು ಸಂಜೆ ನಳಿನಿ ಕೋಟು ಬಿಚ್ಚುತ್ತ, ರೈಲು ಹಳಿಯ ಕೆಳಗಿನ ಸೈಕಲ್ ಸುರಂಗದಲ್ಲಿ ಒಬ್ಬ ಕುಡುಕ ಅಡ್ಡ ನಿಂತು ಏನೋ ಕೂಗಿದನೆಂದೂ, ಇವಳು ಬೆಲ್ ಬಾರಿಸಿಕೊಂಡು ಪಕ್ಕದಿಂದ ನುಗ್ಗಿದಾಗ ಅವನೇ ಬೆಚ್ಚಿ ಗೋಡೆಗೆ ಒರಗಿದನೆಂದೂ ಹೇಳಿ ನಕ್ಕಳು. ತಮಾಷೆಯ ಸಂಗತಿಯೆಂದೇ ಹೇಳಿದ್ದು. ನಾನು ನಗಲಿಲ್ಲ.

"ಮುಟ್ಟಿದ್ನಾ?"

"ಇಲ್ಲಪ್ಪ."

"ಹಿಂದೆ ಬಂದ್ನಾ?"

"ಅವನಿಗೆ ನಿಂತ್ಕೊಳ್ಳೋಕೇ ಆಗ್ತಿರ್ಲಿಲ್ಲ, ಹಿಂದೆ ಏನ್ ಬರ್ತಾನೆ!"

ಅವಳು ಅಲ್ಲಿಗೆ ಮರೆತಳು. ನನಗೆ ಮಾತ್ರ ಒಂದು ಕೆಲಸ ಸಿಕ್ಕಿತು. ಮರುದಿನದಿಂದ ಕಿಟಕಿಯ ಮುಂದೆ ಕೂತು ನಾನು ಯೋಚಿಸಿದ್ದು ಒಂದೇ: ನನ್ನ ಮಗಳು ಯಾರಿಗೂ ಕಾಣದ ಹಾಗೆ ಜೊತೆಯಲ್ಲಿಟ್ಟುಕೊಳ್ಳಲು ಯಾವ ಕೈಬಂದೂಕು ಸರಿ?

ಕೈಬಂದೂಕುಗಳಲ್ಲಿ ಹೆಚ್ಚಿನವು ಬಲಗೈಯವರಿಗೆಂದೇ ಮಾಡಿದವು. ಪಿಸ್ತೂಲಿನ ಸೇಫ್ಟಿ ಕೀಲಿ ಎಡಮಗ್ಗುಲಲ್ಲಿರುತ್ತದೆ, ಬಲಗೈ ಹೆಬ್ಬೆರಳಿಗೆ ಸಿಗಲಿ ಎಂದು. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ಆಚೆ ಬದಿಗೆ ಬೀಳುತ್ತದೆ. ಗುಂಡು ಹಾರಿದ ಮೇಲೆ ಖಾಲಿ ತೋಟಾ ಬಲಕ್ಕೆ ಚಿಮ್ಮುತ್ತದೆ, ಅಂದರೆ ಎಡಚರ ಮುಖದ ಮುಂದೆಯೇ. ಆದ್ದರಿಂದ ನಳಿನಿಗೆ ಪಿಸ್ತೂಲು ಬೇಡ, ರಿವಾಲ್ವರ್ ಸರಿ ಎಂದು ತೀರ್ಮಾನಿಸಿದೆ. ಅದರಲ್ಲಿ ಕೀಲಿಯ ಗೊಡವೆಯಿಲ್ಲ, ಚಿಮ್ಮುವುದೂ ಇಲ್ಲ. ಗುಂಡು ತುಂಬುವ ಉರುಳೆ ಎಡಕ್ಕೆ ತೆರೆದುಕೊಳ್ಳುವುದರಿಂದ ತುಂಬುವಾಗ ಸ್ವಲ್ಪ ತೊಡಕು, ಅಷ್ಟೆ. ಗುಂಡು ಹೊರಡುವ ನಳಿಗೆ ಗಿಡ್ಡವಿರಬೇಕು. ಗುಂಡಿಗೆ ಬಡಿಯುವ ಹಿಂದಿನ ಸುತ್ತಿಗೆ, ನಮ್ಮ ಮಾತಿನಲ್ಲಿ ಕುದುರೆ, ಹೊರಗೆ ಚಾಚಿರಬಾರದು, ಚೀಲದ ಅಸ್ತರಿಗೆ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯ ಹಿಡಿ. ಹಿಡಿ ಸಣ್ಣದಾದರೆ ಕಿರುಬೆರಳು ಗಾಳಿಯಲ್ಲಿ ತೂಗಾಡಿ ಗುಂಡು ಹಾರಿದಾಗ ಕೈ ಕುಪ್ಪಳಿಸುತ್ತದೆ. ದಪ್ಪವಾದರೆ ತೋರುಬೆರಳು ಟ್ರಿಗರಿಗೆ ಎಟಕುವುದಿಲ್ಲ. ನಳಿನಿಯ ಅಂಗೈ ಅವಳ ತಾಯಿಯದರಂತೆ ಚಿಕ್ಕದು, ಬೆರಳು ನನ್ನವುಗಳಂತೆ ಉದ್ದ. ಅವಳಿಗೆಂದೇ ಕೆತ್ತಬೇಕು. ಇಡುವುದೆಲ್ಲಿ ಎಂಬುದನ್ನೂ ಯೋಚಿಸಿದ್ದೆ. ಕೈಚೀಲ ಅವಳ ಎಡಭುಜದಲ್ಲೇ ಇರುತ್ತದೆ, ಎಡಗೈ ಅದರೊಳಗೆ ಹೋಗಬೇಕಾದರೆ ಮುರಿದುಕೊಳ್ಳಬೇಕು. ಚಳಿಗಾಲದ ಕೋಟಿನ ಎಡಜೇಬೇ ಸರಿ.

ಹೀಗೆ ಯೋಚಿಸುವಾಗ ನಾನು ಮತ್ತೆ ಯಾರೋ ಆಗಿದ್ದೆ. ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳಲು ಒಂದು ಕಾರಣವಿತ್ತು.

ಆ ಭಾನುವಾರ ಬೆಸ್ಟ್ ಎಂಬ ಊರಿನಿಂದ ನಳಿನಿಯ ಪರಿಚಯದ ಪ್ರಭಾಕರ, ವೀಣಾ ಎಂಬ ಗಂಡಹೆಂಡಿರು ಊಟಕ್ಕೆ ಬಂದಿದ್ದರು. ಬೆಂಗಳೂರಿನವರು, ಕಂಪ್ಯೂಟರ್ ಕೆಲಸ. ಬಿಸಿಬೇಳೆಭಾತ್ ಬಡಿಸುತ್ತ ನಾನು ಮೆಲ್ಲಗೆ ವಿಷಯ ತೆಗೆದೆ.

"ಪ್ರಭಾಕರ್, ಇಲ್ಲಿ ರಿವಾಲ್ವರ್ ಲೈಸೆನ್ಸು ಯಾರ್ ಕೊಡ್ತಾರೆ?"

ಅವನು ತುತ್ತು ಬಾಯಲ್ಲಿಟ್ಟುಕೊಂಡೇ ಹೆಂಡತಿಯ ಕಡೆ ನೋಡಿದ. "ಯಾಕ್ ಅಂಕಲ್? ಅರ್ಜಿ ರಿಜೆಕ್ಟ್ ಆದ್ರೆ ಶೂಟ್ ಮಾಡೋಕಾ?"

"ತಮಾಷೆ ಅಲ್ಲಪ್ಪ. ನಳಿನಿಗೆ."

"ಅಂಕಲ್, ಇಲ್ಲಿ ಪೆಪ್ಪರ್ ಸ್ಪ್ರೇ ಕೂಡ ಇಲ್ಲೀಗಲ್ಲು. ಹೆಚ್ಚು ಅಂದ್ರೆ ನಿಮ್ ಸಾರಿನ ಪುಡಿ ಎರಚಬಹುದು."

"ಅದೂ ವೆಪನ್ನೇ ಕಣ್ರೀ, ಖಾರ ನೋಡಿದ್ರಲ್ಲ," ಅಂದಳು ವೀಣಾ.

ಎಲ್ಲರೂ ನಕ್ಕರು. ನಳಿನಿ ಮಾತ್ರ ನಗದೆ ನನ್ನನ್ನೇ ನೋಡಿದಳು. ಅವರು ಹೋದ ಮೇಲೆ, "ಅಪ್ಪಾ, ನಾನಿಲ್ಲಿ ಭಯ ಇಲ್ದೆ ಓಡಾಡ್ತಿದೀನಿ. ಅದನ್ನ ಕೆಡಿಸಬೇಡಿ," ಅಂದಳು. ಆಗಲಮ್ಮ ಅಂದೆ.

ಅಂದವನು ಮರುವಾರವೇ ಬಸ್ಸು ಹಿಡಿದು ವಾಪನ್‌ಹಾಂಡೆಲ್, ಅಂದರೆ ಕೋವಿ ಮಾರುವ ಅಂಗಡಿ ಹುಡುಕಿಕೊಂಡು ಹೋದೆ. ಬೇಟೆಯ ಬಂದೂಕು, ಮೀನಿನ ಗಾಳ, ರಬ್ಬರ್ ಬೂಟು ಎಲ್ಲ ಒಟ್ಟಿಗೆ ಮಾರುವ ಅಂಗಡಿ. ಹೆಂಕ್ ಎಂಬ ದಪ್ಪ ಮೀಸೆಯ ಮಾಲೀಕ. ನನ್ನ ಪರೇಡ್ ಇಂಗ್ಲಿಷಿನಲ್ಲಿ ನಾನು ಯಾರೆಂದು ಹೇಳಿದಾಗ ಕೈಕುಲುಕಿ ಕಾಫಿ ಕೊಟ್ಟ. ಎಡಗೈ ಹೆಂಗಸಿಗೆ ಅಂದೊಡನೆ ಕಪಾಟಿನಿಂದ ಒಂದು ಪಿಸ್ತೂಲು ತೆಗೆದ. ನಾನು ಬೆರಗಾದೆ. ಅಕ್ರೋಟ್ ಮರದ ಹಿಡಿ, ಎಡಅಂಗೈಗೆಂದೇ ಕೆತ್ತಿದ್ದು, ಹೆಬ್ಬೆರಳಿಗೆ ಬಲಮಗ್ಗುಲಲ್ಲಿ ತಗ್ಗು. ನನ್ನ ಇಡೀ ನೌಕರಿಯಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಸ್ಪರ್ಧೆಗಳಲ್ಲಿ ಗುರಿಯಿಡುವವರಿಗೆ ಅದು, ಅಂದ.

"ಇದು ದೊಡ್ಡದು. ಕೋಟಿನಲ್ಲಿ ಇಟ್ಟುಕೊಳ್ಳುವಂಥದ್ದು ಬೇಕು," ಅಂದೆ.

ಹೆಂಕ್ ಪಿಸ್ತೂಲನ್ನು ಮೆಲ್ಲಗೆ ವಾಪಸು ಇಟ್ಟ. ಕಪಾಟಿಗೆ ಬೀಗ ಹಾಕಿದ. ಕ್ಲಬ್ಬಿನ ಸದಸ್ಯಳಾಗಬೇಕು, ಪೊಲೀಸರ ಅನುಮತಿ ಬೇಕು, ಮನೆಯಲ್ಲಿ ಉಕ್ಕಿನ ಪೆಟ್ಟಿಗೆಯಲ್ಲಿಡಬೇಕು, ಕ್ಲಬ್ಬಿಗೆ ಒಯ್ಯುವಾಗ ಖಾಲಿ ಮಾಡಿ ಬೀಗ ಹಾಕಿ ಒಯ್ಯಬೇಕು ಎಂದೆಲ್ಲ ವಿವರಿಸಿ ಕೊನೆಗೆ ಹೇಳಿದ: "ಆತ್ಮರಕ್ಷಣೆಗೆ ಅಂತ ಹೇಳಿದರೆ ಅಲ್ಲಿಗೇ ಮುಗಿಯಿತು, ಯಾವತ್ತೂ ಕೊಡುವುದಿಲ್ಲ. ದಯವಿಟ್ಟು ಇದನ್ನು ಬೇರೆ ಕಡೆ ಕೇಳಬೇಡಿ ಸಾರ್."

ಮೈಸೂರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕುವವರೆಲ್ಲ ಮೊದಲು ಬರೆಯುತ್ತಿದ್ದ ಕಾರಣವೇ ಆತ್ಮರಕ್ಷಣೆ. ಅಲ್ಲಿ ಎಡಗೈಯವರಿಗೆ ಒಂದು ಕತ್ತರಿಯೂ ಸಿಗದು, ಆದರೆ ಜೀವಭಯವಿದೆಯೆಂದರೆ ಸರ್ಕಾರ ಕಿವಿಗೊಟ್ಟು ಕೇಳುತ್ತದೆ. ಇಲ್ಲಿ ಎಡಗೈಗೆ ಪಿಸ್ತೂಲಿನ ಹಿಡಿಯನ್ನೂ ಕೆತ್ತಿಟ್ಟಿದ್ದಾರೆ, ಭಯವೆಂಬ ಮಾತು ಆಡಿದರೆ ಕಪಾಟಿಗೆ ಬೀಗ. ಬಸ್ಸಿನಲ್ಲಿ ವಾಪಸು ಬರುತ್ತ ನಾನು ಹೆಂಕನ ಮಾತನ್ನು ಕಾನೂನೆಂದು ತೆಗೆದುಕೊಳ್ಳಲಿಲ್ಲ, ಅವಮಾನವೆಂದು ತೆಗೆದುಕೊಂಡೆ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿತ್ತು. ದೊಡ್ಡ ಅಧಿಕಾರಿಗಳ ಕೈಗೆ ಹೊಸ ಹಿಡಿ ಕೂರಿಸುವ ಮುಂಚೆ ಜೇಡಿಮಣ್ಣಿನಲ್ಲಿ ಅವರ ಮುಷ್ಟಿಯ ಅಚ್ಚು ತೆಗೆದು, ಸಾದಾ ಮರದಲ್ಲಿ ಒಂದು ಮಾದರಿ ಕೆತ್ತುತ್ತಿದ್ದೆವು. ಅದನ್ನು ಅವರು ನಾಲ್ಕು ದಿನ ಹಿಡಿದು ನೋಡಬೇಕು. ಆಮೇಲೆ ನಿಜವಾದ ಮರ. ಇಲ್ಲಿ ಮಣ್ಣೆಲ್ಲಿ ತರಲಿ? ಚಪಾತಿ ಹಿಟ್ಟು ಕಲಸಿದ್ದೆ.

"ನಳಿನಿ, ಎಡಗೈ ಕೊಡಿಲ್ಲಿ. ಈ ಉಂಡೆನ ಗಟ್ಟಿಯಾಗಿ ಹಿಸುಕು."

"ಏನಿದು, ಹಸ್ತಸಾಮುದ್ರಿಕನಾ?"

"ಹಿಸುಕಮ್ಮ ಸುಮ್ನೆ."

ಅವಳು ಹಲ್ಲುಕಚ್ಚಿ ಹಿಸುಕಿದಳು. "ನನ್ ಭವಿಷ್ಯ ಹೇಗಿದೆ?" ಅಂದಳು. "ನಾದಿದ್ದು ಸಾಲ್ದು," ಅಂದೆ. ಅವಳು ಆಚೆ ಹೋದ ಮೇಲೆ ಅಚ್ಚನ್ನು ಓವನ್ನಿನಲ್ಲಿ ಒಣಗಿಸಿ ತೆಗೆದಿಟ್ಟೆ. ಮಗಳ ಬೆರಳುಗಳು ಹಿಟ್ಟಿನಲ್ಲಿ ಗಟ್ಟಿಯಾಗಿ ನಿಂತಿದ್ದವು.

ಮರ ಬೀದಿಯಲ್ಲೇ ಸಿಕ್ಕಿತು. ಹಳೆಯ ಸಾಮಾನುಗಳನ್ನು ಮನೆಯ ಮುಂದೆ ಹಾಕುವ ದಿನವೊಂದಿದೆ ಇಲ್ಲಿ, ಖ್ರೋಫ್‌ಫೌಲ್ ಅನ್ನುತ್ತಾರೆ. ಲಾರಿ ಬಂದು ಒಯ್ಯುತ್ತದೆ. ಯಾರೋ ಹಾಕಿದ್ದ ಮೇಜಿನ ದಪ್ಪ ಕಾಲೊಂದನ್ನು ಎತ್ತಿ ತಂದೆ. ಅರ, ಚಾಣ, ಮರಳುಕಾಗದ ಕೊಂಡೆ. ಮೊದಲು ಹಿಡಿಯೊಂದನ್ನೇ ಕೆತ್ತಬೇಕೆಂದಿದ್ದೆ. ಹಿಡಿ ಮುಗಿಯಿತು, ದಿನಗಳು ಮುಗಿಯಲಿಲ್ಲ. ಹೊರಗೆ ಮಳೆ, ಕತ್ತಲು, ಮಾತಿಲ್ಲದ ಬೀದಿ. ಉರುಳೆ ಕೆತ್ತಿದೆ, ಅದರ ಮೇಲಿನ ಗೀರುಗಳನ್ನು ಕೆತ್ತಿದೆ, ಗಿಡ್ಡ ನಳಿಗೆ ಕೆತ್ತಿ ಬಾಯಿ ಕೊರೆದೆ. ಕಪ್ಪು ಬೂಟ್ ಪಾಲಿಶ್ ಹಚ್ಚಿ ಬಟ್ಟೆಯಿಂದ ಉಜ್ಜಿ ಉಜ್ಜಿ ಉಕ್ಕಿನ ಹೊಳಪು ತಂದೆ. ಎರಡಡಿ ದೂರದಿಂದ ನನಗೇ ಅದು ಮರವೆಂದು ಕಾಣುತ್ತಿರಲಿಲ್ಲ.

ನಳಿನಿಗೆ ತೋರಿಸಿದೆ. ಅವಳು ಹೆದರಿ ಹಿಂದೆ ಸರಿದಳು. ಮರ ಕಣಮ್ಮ, ಮರ ಅಂತ ನಕ್ಕು ಅವಳ ಎಡಗೈಗೆ ಕೊಟ್ಟೆ. ಒಂದು ಕ್ಷಣ, ಒಂದೇ ಕ್ಷಣ, ಅವಳ ಬೆರಳುಗಳು ತಮ್ಮ ಜಾಗ ಹುಡುಕಿಕೊಂಡು ಕೂತವು. ಅಷ್ಟು ಚೆನ್ನಾಗಿ ಕೂತ ಹಿಡಿಯನ್ನು ನಾನು ನನ್ನ ಜನ್ಮದಲ್ಲಿ ಮಾಡಿರಲಿಲ್ಲ.

ಅವಳು ಅದನ್ನು ಮೇಜಿನ ಮೇಲಿಟ್ಟಳು. "ಅಪ್ಪಾ, ಇದನ್ನ ಒಡೆದು ಹಾಕಿ. ಇಲ್ಲಿ ನಕಲಿ ಇಟ್ಕೊಂಡ್ರೂ ತಪ್ಪು."

"ಆಟದ ಸಾಮಾನಿಗೆ ಯಾರಮ್ಮ ಕೇಸ್ ಹಾಕ್ತಾರೆ?"

"ಹಾಕ್ತಾರೆ. ಒಡೀರಿ. ನನ್ ಮೇಲೆ ಆಣೆ."

ಒಡೆಯುತ್ತೇನೆ ಅಂದೆ. ಮರುದಿನ ಬೆಳಿಗ್ಗೆ ಅವಳು ತಲೆ ಒಣಗಿಸಿಕೊಳ್ಳುತ್ತಿದ್ದಾಗ, ಅದನ್ನು ಒಂದು ಕರವಸ್ತ್ರದಲ್ಲಿ ಸುತ್ತಿ ಅವಳ ಕಚೇರಿ ಚೀಲದ ತಳದಲ್ಲಿ, ಮಳೆಯಂಗಿಯ ಕೆಳಗೆ ಇಟ್ಟೆ. ಕೋಟಿನ ಜೇಬಿಗೆ ಹಾಕಿದ್ದರೆ ತಿಳಿದುಬಿಡುತ್ತಿತ್ತು.

ತನ್ನಲ್ಲಿದೆಯೆಂದೇ ಗೊತ್ತಿಲ್ಲದ ಆಯುಧ, ಅದೂ ಮರದ್ದು, ಯಾರನ್ನು ಕಾಪಾಡುತ್ತದೆ? ಆ ಪ್ರಶ್ನೆ ನನಗೆ ಆಗ ಬರಲಿಲ್ಲ. ಈಗ ಉತ್ತರ ಗೊತ್ತು. ಅದು ಕಾಪಾಡುತ್ತಿದ್ದದ್ದು ನನ್ನನ್ನು. ಮಗಳಿಗೆ ಭಯವಿರಲಿಲ್ಲ. ಅವಳಿಗೆ ಭಯವಿದೆ ಎಂಬುದು ನನಗೆ ಬೇಕಾಗಿತ್ತು. ಭಯವಿಲ್ಲದ ಮಗಳಿಗೆ ಆರ್ಮರರ್ ಅಪ್ಪ ಏತಕ್ಕೆ? ಅವಳು ಚೀಲ ಹೊತ್ತು ಹೊರಟಾಗಲೆಲ್ಲ ನಾನೂ ಒಂದು ಕಡ್ಡಿಯಷ್ಟು ಜೊತೆಗೆ ಹೋದ ಹಾಗೆ ಅನ್ನಿಸುತ್ತಿತ್ತು. ಒಂಟಿತನ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆಂದು ಹೇಳುವವರನ್ನು ನಾನು ನಂಬುವುದಿಲ್ಲ.

ಕೆಲವು ದಿನ ಕಳೆಯಿತು. ಒಂದು ಮಧ್ಯಾಹ್ನ ಆ ದೊಡ್ಡ ಕಿಟಕಿಯ ಮುಂದೆ ಪೊಲೀಸ್ ಕಾರು ನಿಂತಿತು. ಹಿಂದಿನ ಸೀಟಿನಿಂದ ನಳಿನಿ ಇಳಿದಳು. ಕಾರ್ಖಾನೆಯ ಬಾಗಿಲಲ್ಲಿ ಆಗೊಮ್ಮೆ ಈಗೊಮ್ಮೆ ನೌಕರರ ಚೀಲ ತೆರೆದು ನೋಡುತ್ತಾರೆ. ಆ ದಿನ ಅವಳ ಸರದಿ. ಕಾವಲಿನವನು ಮಳೆಯಂಗಿ ಎತ್ತಿದ್ದಾನೆ, ಕರವಸ್ತ್ರ ಬಿಚ್ಚಿದ್ದಾನೆ, ಪೊಲೀಸರನ್ನು ಕರೆದಿದ್ದಾನೆ. ಮನೆಯಲ್ಲಿ ಬೇರೇನಾದರೂ ಇದೆಯೇ ಎಂದು ನೋಡಲು ಬಂದಿದ್ದರು.

ಇಬ್ಬರು ಬಂದಿದ್ದರು. ಮಾತಾಡಿದವಳು ಚಿಕ್ಕ ಕೂದಲಿನ, ಮಧ್ಯವಯಸ್ಸಿನ ಹೆಂಗಸು. ನನಗೆ ಕುಳಿತುಕೊಳ್ಳಲು ಹೇಳಿದಳು. ನನ್ನ ರಿವಾಲ್ವರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಊಟದ ಮೇಜಿನ ಮೇಲಿಟ್ಟಳು. ಮರವಾದರೂ ಅಷ್ಟೇ, ಕಬ್ಬಿಣವಾದರೂ ಅಷ್ಟೇ, ನಿಜದ್ದರ ಹಾಗೆ ಕಂಡರೆ ಇಲ್ಲಿ ಅದು ಆಯುಧವೇ, ಅಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ, ಇಬ್ಬರಿಗೂ ಅರ್ಥವಾಗಲೆಂದು, ಕೇಳಿದಳು: "ಇದನ್ನು ಮಾಡಿದವರು ಯಾರು?"

ನನಗೆ ಪ್ರಶ್ನೆ ಅರ್ಥವಾಯಿತು. ಉತ್ತರವೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಸಾಕಿತ್ತು. ಆದರೆ ನನ್ನ ಅರ್ಜಿ ಇದೇ ಪೊಲೀಸರ ಕೈಯಲ್ಲಿತ್ತು. ಬಾಯಿ ಬಿಟ್ಟರೆ ನನ್ನನ್ನು ವಿಮಾನ ಹತ್ತಿಸುತ್ತಾರೆ, ಕ್ವಾರ್ಟರ್ಸಿನವರೆಲ್ಲ ಏನಾಯಿತು ಏನಾಯಿತು ಎಂದು ಕೇಳುತ್ತಾರೆ, ಕ್ವಾರ್ಟರ್ಸ್ ಬಿಟ್ಟುಕೊಟ್ಟ ಮೇಲೆ ನನ್ನದೆಂಬ ಮನೆಯಿಲ್ಲದ ಮೈಸೂರಿನಲ್ಲಿ ಬಾಡಿಗೆ ಕೋಣೆ ಹುಡುಕಿಕೊಂಡು ಸಾಯುತ್ತೇನೆ. ಅಷ್ಟೂ ಒಂದೇ ಉಸಿರಿನಲ್ಲಿ ತಲೆಯಲ್ಲಿ ಹಾದುಹೋಯಿತು. ಜೀವಮಾನವಿಡೀ ಇಲಾಖೆಯ ಅನ್ನ ತಿಂದವನು, ಆರೋಪಿಗಳು ನೆಲ ನೋಡುವುದನ್ನು ಕಂಡು ಒಳಗೊಳಗೇ ಬೈದವನು, ನಾನು ನೆಲ ನೋಡಿದೆ.

"ನಾನು ಮಾಡಿದ್ದು," ಅಂತ ನಳಿನಿ ಇಂಗ್ಲಿಷಿನಲ್ಲಿ ಹೇಳಿದಳು. "ಮರಗೆಲಸ ನನ್ನ ಹವ್ಯಾಸ. ಚೀಲದಲ್ಲಿರುವುದು ಮರೆತುಹೋಗಿತ್ತು."

ಪೊಲೀಸಿನವಳು ನಳಿನಿಯನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಉಗುರುಗಳ ಸಂದಿಯಲ್ಲಿ ಬೂಟ್ ಪಾಲಿಶ್ ಇನ್ನೂ ಪೂರ್ತಿ ಹೋಗಿರಲಿಲ್ಲ. ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡೆ. ನಂಬಲೋ ಬೇಡವೋ ಎಂಬಂತೆಯೇ ಅವಳು ಹೇಳಿಕೆ ಬರೆದು ರುಜುವಿಗೆ ಮುಂದಿಟ್ಟಳು. ನಳಿನಿ ಪೆನ್ನು ತೆಗೆದುಕೊಂಡಳು. ಎಡಗೈಯಲ್ಲಿ.

ಆ ಹೆಂಗಸಿನ ಕಣ್ಣು ರುಜು ಹಾಕುವ ಕೈಯಿಂದ ಪ್ಲಾಸ್ಟಿಕ್ ಚೀಲಕ್ಕೆ ಹೋಯಿತು. ಚೀಲವನ್ನು ಎತ್ತಿ, ಹಿಡಿಯನ್ನು ತನ್ನ ಬಲಗೈಗೆ ಒತ್ತಿ ನೋಡಿದಳು. ಕೂರಲಿಲ್ಲ. ಎಡಗೈಗೆ ಹಿಡಿದು ನೋಡಿದಳು. ಹೆಬ್ಬೆರಳ ತಗ್ಗು ಅಲ್ಲಿತ್ತು. ತಲೆಯಾಡಿಸಿದಳು. ಅವಳ ಅನುಮಾನ ಅಲ್ಲಿಗೆ ಮುಗಿಯಿತು. ನಾನು ಕೂದಲೆಳೆಯಷ್ಟೂ ತಪ್ಪದಂತೆ ಮಗಳ ಕೈಗೆ ಹೊಂದಿಸಿದ್ದ ಹಿಡಿ ಅವಳ ವಿರುದ್ಧ ಸಾಕ್ಷಿ ಹೇಳಿತು.

ದಂಡ ಹಾಕಿ ಬಿಟ್ಟರು. ಕಾರ್ಖಾನೆಯವರು ಒರಟಾಗಿ ನಡೆದುಕೊಳ್ಳಲಿಲ್ಲ, ಆದರೆ ಅವಳ ಕರಾರು ಮುಗಿದಾಗ ಮುಂದುವರಿಸಲಿಲ್ಲ. ಇಲ್ಲಿ ಕೆಲಸ ಹೋದರೆ ಇರುವ ಅನುಮತಿಯೂ ಅಲುಗಾಡುತ್ತದೆ. ಅವಳು ಬೇರೆ ಕೆಲಸಗಳಿಗೆ ಅರ್ಜಿ ಮೇಲೆ ಅರ್ಜಿ ಹಾಕಿದಳು. ಆ ತಿಂಗಳುಗಳಲ್ಲಿ ನಮ್ಮ ನಡುವೆ ಊಟ, ಮಾತ್ರೆ, ಹವಾಮಾನ ಬಿಟ್ಟು ಬೇರೆ ಮಾತಿರಲಿಲ್ಲ. ನಾನು ಮಜ್ಜಿಗೆ ಮಾಡಿಟ್ಟರೆ ಕುಡಿಯುತ್ತಿದ್ದಳು. ಲೋಟ ಮುಂದೆ ಹಿಡಿಯುತ್ತಿರಲಿಲ್ಲ. ಕೊನೆಗೆ ರೋಟರ್‌ಡ್ಯಾಮ್ ಪಕ್ಕದ ಕಾಪೆಲ್ಲೆ ಆನ್ ಡೆನ್ ಐಸೆಲ್ ಎಂಬಲ್ಲಿ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅವಳು ಕಲಿತ ವಿದ್ಯೆಗೆ ಅದು ಸಣ್ಣದು. ನೈಮೆಗನ್ನಿನ ಮನೆ ಬಿಟ್ಟು ಇಲ್ಲಿಯ ಎತ್ತರದ ಕಟ್ಟಡವೊಂದರ ಫ್ಲ್ಯಾಟಿಗೆ ಬಂದೆವು.

ಇಲ್ಲಿಗೆ ಬಂದ ಮೇಲೆ ಒಂದು ದಿನ ನಾನು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತೆ.

"ಎಲ್ಲಿಗೆ?" ಅಂದಳು.

"ಪೊಲೀಸ್ ಸ್ಟೇಷನ್ನಿಗೆ. ನಿಜ ಹೇಳಿ ಬರ್ತೀನಿ."

"ಹೇಳಿ. ಆಗ ನಾನು ಸುಳ್ಳು ಹೇಳಿಕೆ ಕೊಟ್ಟೆ ಅಂತಾಗುತ್ತೆ. ಈ ಕೆಲಸಾನೂ ಹೋಗುತ್ತೆ. ನಿಮಗೆ ಸಮಾಧಾನ ಆಗುತ್ತೆ, ಅಲ್ವಾ?"

ಕೋಟು ಬಿಚ್ಚಿಟ್ಟೆ. ತಪ್ಪೊಪ್ಪಿಗೆಯನ್ನೂ ನಾನು ನನಗಾಗಿಯೇ ಬಯಸಿದ್ದೆ.

ತೊಂಬತ್ತೊಂಬತ್ತರಲ್ಲಿ ನನ್ನ ಅರ್ಜಿ ಮಂಜೂರಾಯಿತು. ಕಿಟಕಿಯಾಚೆಯ ಅಧಿಕಾರಿ ಕಾರ್ಡು ಕೊಟ್ಟು, ಇನ್ನು ಇದು ನಿಮ್ಮ ಮನೆ, ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಒಂದೊಂದು ಕೆಲಸದಿಂದ ಒಂದೊಂದು ಊರಿನಲ್ಲಿ ಹಕ್ಕು ಬರುತ್ತದೆ. ಮೈಸೂರಿನಲ್ಲಿ ನನಗೆ ಹಕ್ಕು ಬಂದದ್ದು ಕೆಲಸ ಮಾಡಿ. ಇಲ್ಲಿ ಬಂದದ್ದು ಬಾಯಿ ಮುಚ್ಚಿಕೊಂಡು. ಅಲ್ಲಿಯವರು ಈಗಲೂ ಪತ್ರದಲ್ಲಿ "ನಮ್ಮ ಆರ್ಮರರ್ ಸಾಹೇಬರು" ಎಂದು ಬರೆಯುತ್ತಾರೆ. ಅದನ್ನು ಓದುವಾಗ ಬೇರೆ ಯಾರಿಗೋ ಬಂದ ಟಪಾಲು ತೆರೆದಂತಾಗುತ್ತದೆ. ಲಿಫ್ಟಿನಲ್ಲಿ ಸಿಗುವ ಇಲ್ಲಿಯ ಮುದುಕರು ನನ್ನನ್ನು ಸಭ್ಯ, ಮೌನಿ ಅಂದುಕೊಂಡಿದ್ದಾರೆ. ಅವರಿಗೂ ನನ್ನ ಪರಿಚಯವಿಲ್ಲ.

ಇದನ್ನು ಊರಿನವರಿಗೆ ಬರೆಯಬೇಕೆನ್ನಿಸಿದ್ದು ಅದಕ್ಕೇ. ಆದರೆ ಈ ಸಲ ಕೇಳದೆ ಏನೂ ಮಾಡಬಾರದೆಂದು ಹಾಳೆಗಳನ್ನು ಮೊದಲು ಮಗಳ ಮುಂದಿಟ್ಟೆ. ಅವಳು ಅಡುಗೆಮನೆಯಲ್ಲಿ ನಿಂತುಕೊಂಡೇ ಪೂರ್ತಿ ಓದಿದಳು.

"ನನ್ ಹೆಸರು ಬದಲಾಯಿಸಿ," ಅಂದಳು. ಬದಲಾಯಿಸಿದ್ದೇನೆ. ನಳಿನಿ ಎಂಬುದು ಅವಳ ಹೆಸರಲ್ಲ.

"ಮತ್ತೇನಾದ್ರೂ ತಪ್ಪಿದ್ಯೇನಮ್ಮ?"

ಅವಳು ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟಳು. "ನೀವು ಬಾಯಿ ಬಿಡ್ಲಿಲ್ಲ ಅಂತ ನನಗೆ ಸಿಟ್ಟಿಲ್ಲ. ಬಿಟ್ಟಿದ್ರೆ ನಿಮ್ಮನ್ನ ಕಳಿಸಿಬಿಡ್ತಿದ್ರು, ನಾನೇ ಬೇಡ ಅಂತ ಮುಂದೆ ಬಿದ್ದೆ. ಆದ್ರೆ ಒಂದ್ಸಲ ನನ್ ಕಡೆ ನೋಡಬಹುದಿತ್ತು, ಅಪ್ಪಾ. ನಾನು ಹೇಳೋವಾಗ. ನಾನು ನಿಮ್ಮನ್ನೇ ನೋಡ್ತಿದ್ದೆ."

ತಲೆ ತಗ್ಗಿಸಲು ಹೊರಟಿದ್ದವನು ತಡೆದುಕೊಂಡು ಅವಳ ಮುಖ ನೋಡಿದೆ. ಅವಳಾಗಲೇ ಒಲೆಯ ಕಡೆ ತಿರುಗಿದ್ದಳು.